ವೀಲ್‌ಚೇರ್ ಹಂಚಿದರೆ ಕೆಲಸ ಮುಗಿಯುವುದಿಲ್ಲ

ಬೆಳಿಗ್ಗೆಯಿಂದ ಒಂದೇ ಫೋಟೊ ಮೂರ್ನಾಲ್ಕು ಗೆಳೆಯರ ಟೈಮ್‌ಲೈನಿನಲ್ಲಿ ಕಾಣಿಸುತ್ತಿದೆ. ಪೂರ್ವ ಆಫ್ರಿಕಾದ ಒಂದು ಊರು, ಹಿಂದೆ ಬ್ಯಾನರ್, ಮುಂದೆ ಸಾಲಾಗಿ ದಾನಕ್ಕೆಂದು ತಂದ ಹೊಸ ವೀಲ್‌ಚೇರ್‌ಗಳು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿಲ್ಲ. ಎಲ್ಲವೂ ಒಂದೇ ಅಳತೆ. ಒಂದರಲ್ಲಿ ದಪ್ಪ ಮೈಯ ಅಜ್ಜ, ಪಕ್ಕದ್ದರಲ್ಲಿ ಏಳೆಂಟು ವರ್ಷದ ಮಗು. ಮಗುವಿನ ಕಾಲು ಫುಟ್‌ರೆಸ್ಟಿಗೆ ಎಟಕದೆ ಗಾಳಿಯಲ್ಲಿ ನೇತಾಡುತ್ತಿದೆ. ಸಂಭ್ರಮಿಸುವ ಮೊದಲು ಆ ಕಾಲನ್ನು ಯಾರೂ ನೋಡಲಿಲ್ಲವಲ್ಲ ಎಂದು ಸಿಟ್ಟು ಬಂತು.

ಅವು ಆಸ್ಪತ್ರೆಯ ನುಣುಪು ನೆಲದ ಮೇಲೆ ರೋಗಿಯನ್ನು ತಳ್ಳಿಕೊಂಡು ಹೋಗಲು ಮಾಡಿದ ಕುರ್ಚಿಗಳು. ಮುಂದಿನ ಚಕ್ರ ಚಿಕ್ಕದು, ಗಟ್ಟಿ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಅಂತರ ಕಡಿಮೆ. ಕೀನ್ಯಾ, ಉಗಾಂಡದ ಹಳ್ಳಿರಸ್ತೆ ಕೆಂಪು ಮುರಂ ಮಣ್ಣಿನದು. ಅಲ್ಲಿಯವರೂ ಅದನ್ನು ಮುರಂ ಎಂದೇ ಕರೆಯುತ್ತಾರೆ. ಮಳೆ ಬಿದ್ದ ಮೇಲೆ ಆ ಚಿಕ್ಕ ಚಕ್ರ ಕೆಸರಲ್ಲಿ ಹೂತು ನಿಲ್ಲುತ್ತದೆ, ಕುರ್ಚಿ ಮುಂದಕ್ಕೆ ಮಗುಚುತ್ತದೆ. ಅದಕ್ಕಾಗಿಯೇ ಹಳ್ಳಿಗಾಡಿಗೆಂದು, ಮುಂದೆ ಒಂದೇ ದೊಡ್ಡ ಚಕ್ರವನ್ನು ದೂರಕ್ಕೆ ಚಾಚಿದ ಮೂರು ಚಕ್ರದ ಕುರ್ಚಿಗಳು ಬಂದು ಎಷ್ಟೋ ವರ್ಷಗಳಾದವು.

ಅಳತೆಯ ಮಾತಿಗೆ ಬರೋಣ. ಕುಳಿತವರ ಸೊಂಟದ ಎರಡೂ ಬದಿಗೆ ಒಂದೊಂದು ಪುಸ್ತಕ ಆನಿಸಿ ನಡುವಿನ ಅಂತರ ಅಳೆಯಿರಿ, ಅದೇ ಸೀಟಿನ ಅಗಲ. ಪೃಷ್ಠದಿಂದ ಮೊಣಕಾಲಿನ ಹಿಂಭಾಗದವರೆಗೆ ಅಳೆದು 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಆಳ. ಟೇಪು ಹಿಡಿದರೆ ಐದು ನಿಮಿಷದ ಕೆಲಸ. ಅದನ್ನು ಬಿಟ್ಟು 18 ಇಂಚಿನ ಸೀಟಿನಲ್ಲಿ 10 ಇಂಚು ಸೊಂಟದ ಮಗುವನ್ನು ಕೂರಿಸಿದರೆ ಮಗು ಒಂದು ಬದಿಗೆ ವಾಲುತ್ತದೆ, ಕೈ ಚಕ್ರಕ್ಕೆ ಎಟಕುವುದಿಲ್ಲ. ದಿನವಿಡೀ ಹಾಗೇ ವಾಲಿ ಕೂತು ಬೆಳೆಯುವ ಬೆನ್ನು ನೆಟ್ಟಗೆ ಉಳಿಯುತ್ತದೆಯೇ?

ಇದಕ್ಕಿಂತ ದೊಡ್ಡ ಅಪಾಯ ಕುಶನ್ ಇಲ್ಲದಿರುವುದು. ಬೆನ್ನುಹುರಿಗೆ ಪೆಟ್ಟು ಬಿದ್ದ ಅನೇಕರಿಗೆ ಪೆಟ್ಟಿನಿಂದ ಕೆಳಗೆ ಸ್ಪರ್ಶವೇ ಇರುವುದಿಲ್ಲ. ಜೋಲುವ ಬಟ್ಟೆಯ ಸೀಟಿನಲ್ಲಿ ಗಂಟೆಗಟ್ಟಲೆ ಕೂತರೆ ಕೂರುವ ಮೂಳೆಯ ಕೆಳಗೆ ರಕ್ತ ಓಡಾಡದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ, ನಂಜು ಏರುತ್ತದೆ. ಕುಶನ್ ಸರಿಯಿದೆಯೇ ಎಂದು ನೋಡಲು ಯಂತ್ರ ಬೇಡ. ಅಂಗೈ ಮೇಲಾಗಿ ಬೆರಳುಗಳನ್ನು ಕುಶನ್ ಮೇಲೆ ಕೂತವರ ಆ ಮೂಳೆಯ ಕೆಳಗೆ ತೂರಿಸಿ. ಬೆರಳ ತುದಿ ಅರ್ಧ ಸೆಂ.ಮೀ.ನಷ್ಟು ಮೇಲೆ ಕೆಳಗೆ ಆಡಿದರೆ ಸರಿ. ಆಡದಿದ್ದರೂ ಕೈ ಸಲೀಸಾಗಿ ಹೊರಬಂದರೆ ಎಚ್ಚರಿಕೆ. ಬೆರಳು ಅದುಮಿ ಸಿಕ್ಕಿಕೊಂಡು ಎಳೆಯಲು ಕಷ್ಟವಾದರೆ ಆ ಕುಶನ್ ಮೇಲೆ ಅವರನ್ನು ಕೂರಿಸಲೇಬಾರದು. ಹತ್ತು ನಿಮಿಷದಲ್ಲಿ ಯಾವ ಕಾರ್ಯಕರ್ತೆಗೂ ಕಲಿಸಬಹುದು.

ಇನ್ನು ಟೈರು. ಈ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಇರುವುದು 24 ಇಂಚಿನ ಚಕ್ರ. ಸೈಕಲ್ ಅಂಗಡಿಯ ಮೌಂಟನ್ ಬೈಕ್ ಟೈರಿನ ಮೇಲೂ 24 ಎಂದೇ ಬರೆದಿರುತ್ತದೆ. ಆದರೆ ಅದು ಕೂರುವ ರಿಮ್ಮಿನ ವ್ಯಾಸ 507 ಮಿ.ಮೀ., ವೀಲ್‌ಚೇರಿನದು 540. ಕೂರುವುದಿಲ್ಲ. ಒಂದು ಟೈರ್ ಹರಿದರೆ ಕುರ್ಚಿ ಮನೆಯ ಹಿಂದೆ ಸೇರಿ ಕೋಳಿ ಕೂರುವ ಜಾಗವಾಗುತ್ತದೆ.

‘ಏನೂ ಇಲ್ಲದ್ದಕ್ಕಿಂತ ಏನೋ ಒಂದು ಸಿಕ್ಕಿತಲ್ಲ, ತೆವಳುವುದು ತಪ್ಪಿತಲ್ಲ’ ಎಂದು ಕಮೆಂಟ್ ಬರುತ್ತದೆ, ಗೊತ್ತು. ತೆವಳುವುದು ತಪ್ಪಬೇಕು, ನಿಜ. ಆದರೆ ಹುಣ್ಣಾಗಿ ತಿಂಗಳುಗಟ್ಟಲೆ ಬೋರಲಾಗಿ ಮಲಗಿದವರ ಮುಂದೆ ಈ ಮಾತು ಆಡಲಾಗದು. ಅಳತೆ ನೋಡದೆ ಯಾರಿಗೂ ಕನ್ನಡಕ ಕೊಡುವುದಿಲ್ಲ. ಕುರ್ಚಿಗೆ ಮಾತ್ರ ಯಾಕೆ ಈ ಅಸಡ್ಡೆ?

ಇದು ದಾನದ ವಿಷಯವೂ ಅಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದದ 20ನೇ ವಿಧಿ ಗುಣಮಟ್ಟದ ಸಾಧನ ಕೈಗೆಟಕುವ ಬೆಲೆಗೆ ಸಿಗಬೇಕು ಎನ್ನುತ್ತದೆ, ಓಡಾಟದ ತರಬೇತಿಯನ್ನೂ ಹೇಳುತ್ತದೆ. ಆಫ್ರಿಕನ್ ಒಕ್ಕೂಟ 2018ರ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲಿ ತನ್ನದೇ ಅಂಗವಿಕಲರ ಹಕ್ಕುಗಳ ಪ್ರೋಟೊಕಾಲ್ (ಒಪ್ಪಂದ) ಅಂಗೀಕರಿಸಿತು. 15 ದೇಶಗಳ ಅನುಮೋದನೆ ಕೂಡಿಬಂದು ಅದು ಜಾರಿಯಾದದ್ದು 2024ರಲ್ಲಿ. ಅಲ್ಲಿನ ಅಂಗವಿಕಲರ ಸಂಘಟನೆಗಳು ಆರು ವರ್ಷ ಬೆನ್ನುಬಿದ್ದು ಪಡೆದದ್ದು ಅದು. ಅಂಥವರ ಊರಿಗೆ ಕಂಟೇನರ್ ತಂದು ಇಳಿಸಿ, ಫೋಟೊ ತೆಗೆದು ಹೊರಡುತ್ತೇವೆ.

ಅಲ್ಲಿ ಕೆಲಸ ಬಲ್ಲವರಿಲ್ಲವೇ? ಟಾಂಜಾನಿಯದ ಮೋಶಿಯಲ್ಲಿರುವ ಟ್ಯಾಟ್‌ಕಾಟ್ ಎಂಬ ತರಬೇತಿ ಕೇಂದ್ರ ವೀಲ್‌ಚೇರ್ ತಂತ್ರಜ್ಞರನ್ನು ತಯಾರು ಮಾಡಿದೆ. ನೈರೋಬಿಯಲ್ಲಿ ಕೀನ್ಯಾದ ಅಂಗವಿಕಲರ ಸಂಸ್ಥೆ ಎಪಿಡಿಕೆಯ ವರ್ಕ್‌ಶಾಪ್ ವೀಲ್‌ಚೇರ್, ಟ್ರೈಸಿಕಲ್‌ಗಳನ್ನು ಅಲ್ಲೇ ಕಟ್ಟುತ್ತ ಬಂದಿದೆ. ಪುಕ್ಕಟೆ ಕುರ್ಚಿ ರಾಶಿ ಬಿದ್ದರೆ ಇಂಥ ವರ್ಕ್‌ಶಾಪಿಗೆ ಆರ್ಡರ್ ಎಲ್ಲಿಂದ ಬರಬೇಕು? ಆರು ತಿಂಗಳ ನಂತರ ಬೇರಿಂಗ್ ಬದಲಿಸಲು ಯಾರನ್ನು ಹುಡುಕಬೇಕು?

ನೈರೋಬಿ, ಕಂಪಾಲಾ, ದಾರ್-ಎಸ್-ಸಲಾಮ್‌ನಲ್ಲಿರುವ ಕನ್ನಡದ ಗೆಳೆಯರೇ, ಚಂದಾ ಕೇಳಿ ಬಂದವರನ್ನು ವಿಚಾರಿಸಿ: ಎಷ್ಟು ಅಳತೆಗಳಲ್ಲಿ ತರುತ್ತೀರಿ, ಕುಶನ್ ಜೊತೆಗಿದೆಯೇ, ಆ ಊರಿನಲ್ಲಿ ರಿಪೇರಿ ಮಾಡುವವರು ಯಾರು? ಉತ್ತರ ಇಲ್ಲದಿದ್ದರೆ ಆ ದುಡ್ಡನ್ನು ಅಲ್ಲಿನ ವರ್ಕ್‌ಶಾಪಿಗೇ ಕೊಡಿ.

ಆ ಫೋಟೊ ತೆಗೆದವರು ಇನ್ನೂ ಆ ಊರಲ್ಲೇ ಇದ್ದರೆ ದಯವಿಟ್ಟು ಮಗುವಿನ ಮನೆಗೆ ಒಮ್ಮೆ ಹೋಗಿ. ಸೀಟಿನ ಎರಡೂ ಬದಿಗೆ ಗಟ್ಟಿ ಫೋಮ್ ತುಂಬಿ, ಬೆನ್ನ ಹಿಂದೆಯೂ ಒಂದು ಇಟ್ಟು, ಫುಟ್‌ರೆಸ್ಟಿನ ಮೇಲೆ ಪಾದ ಊರುವಷ್ಟು ಎತ್ತರದ ಹಲಗೆ ಕಟ್ಟಿ. ಸರಿಯಾದ ಅಳತೆಯ ಕುರ್ಚಿ ಬರುವವರೆಗೆ ಅಷ್ಟಾದರೂ ಆಗಲಿ.