ಎಲ್ಲ ಚೆನ್ನಾಗಿದೆಯಾ ಸಾರ್? ಲವ್ಲಿ, ಥ್ಯಾಂಕ್ಯೂ!

ಬ್ರಿಟನ್ನಿನ ಹೋಟೆಲ್ ಉದ್ಯಮವನ್ನು ಇವತ್ತಿನವರೆಗೆ ಕಾಪಾಡಿಕೊಂಡು ಬಂದಿರುವುದು ಗಿರಾಕಿಯ ಸಂಕೋಚ. ನೀವು ಎರಡು ತುತ್ತು ತಿಂದು ಮೂರನೆಯದನ್ನು ಬಾಯಿಗೆ ಇಟ್ಟುಕೊಂಡಿರುತ್ತೀರಿ. ಸರಿಯಾಗಿ ಆ ಹೊತ್ತು ನೋಡಿ ಸರ್ವರ್ ಬಂದು ನಿಲ್ಲುತ್ತಾನೆ. ಎಲ್ಲ ಚೆನ್ನಾಗಿದೆಯಾ ಅಂತ ಕೇಳುತ್ತಾನೆ. ಮೀನು ಒಳಗೆ ಹಸಿ ಇರಲಿ, ಚಿಪ್ಸ್ (ಅಲ್ಲಿ ಹಾಗಂದರೆ ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ) ತಣ್ಣಗಾಗಿರಲಿ, ಪೈ ಮೇಲಿನ ಹೊದಿಕೆ ಒಡೆಯಲು ಸುತ್ತಿಗೆ ಬೇಕಾಗುವ ಹಾಗಿರಲಿ, ಉತ್ತರ ಒಂದೇ: 'ಲವ್ಲಿ, ಥ್ಯಾಂಕ್ಯೂ.' ಅವನು ಬೆನ್ನು ತಿರುಗಿಸಿದ ಮೇಲೆ ಗಂಡ ಹೆಂಡತಿ ತಲೆ ಬಗ್ಗಿಸಿ ಪಿಸುಗುಟ್ಟಲು ಶುರು ಮಾಡುತ್ತಾರೆ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಟೀ ಮಾಡಿಕೊಂಡು, ಆಮೇಲೆ ಫೋನ್ ತೆಗೆದು ಒಂದು ಸ್ಟಾರ್ ಕೊಟ್ಟು ಮಹಾಭಾರತದಷ್ಟು ಉದ್ದದ ರಿವ್ಯೂ ಬರೆಯುತ್ತಾರೆ.

ಇದೇನು ಇಂಟರ್ನೆಟ್ ಕಲಿಸಿದ ಚಾಳಿ ಅಂದುಕೊಳ್ಳಬೇಡಿ. ರೇಮಂಡ್ ಪೋಸ್ಟ್‌ಗೇಟ್ ಅನ್ನುವ ಲೇಖಕರು ಅಲ್ಲಿನ ಹೋಟೆಲ್ ಅಡುಗೆಯ ರುಚಿ ಕಂಡು ರೋಸಿ ಹೋಗಿ, ಆಹಾರದ ಮೇಲಿನ ಕ್ರೌರ್ಯ ತಡೆಯಲು ಒಂದು ಸಂಘ ಕಟ್ಟೋಣ ಅಂತ ಅರ್ಧ ತಮಾಷೆಗೆ ಹೇಳಿದರು. ಅದರಿಂದಲೇ 1951ರಲ್ಲಿ, ಎಲ್ಲಿ ಊಟ ಚೆನ್ನಾಗಿದೆ ಅಂತ ಹೇಳುವ 'ಗುಡ್ ಫುಡ್ ಗೈಡ್' ಪುಸ್ತಕ ಹುಟ್ಟಿತು. ಅದರ ಬಂಡವಾಳವೇನು ಅಂದರೆ ಓದುಗರು ಮನೆಯಲ್ಲಿ ಕೂತು ಬರೆದು ಕಳಿಸುತ್ತಿದ್ದ ವರದಿಗಳು. ಸರ್ವರ್ ಮುಂದೆ ಹೇಳಲಾಗದ್ದನ್ನು ಅಂಚೆಗೆ ಹಾಕೋದು. ಒಂದು ದೇಶದ ಪುಕ್ಕಲುತನವನ್ನು ಇಷ್ಟು ಅಚ್ಚುಕಟ್ಟಾಗಿ ಸಂಸ್ಥೆ ಮಾಡಿದ ಉದಾಹರಣೆ ಇನ್ನೊಂದು ಇರಲಾರದು.

ಈಗ ಗ್ಯಾಸ್ಟ್ರೋಪಬ್, ಅಂದರೆ ಒಳ್ಳೇ ಊಟವನ್ನೂ ಕೊಡುವ ಪಬ್ಬಿನ ವಿಷಯಕ್ಕೆ ಬರೋಣ. ಹಿಂದೆ ಪಬ್ ಅಂದರೆ ಬಿಯರ್, ಜೊತೆಗೆ ಒಂದು ಪೊಟ್ಟಣ ಕ್ರಿಸ್ಪ್ಸ್ (ನಾವು ಚಿಪ್ಸ್ ಅನ್ನುವುದು), ಜಾಸ್ತಿ ಅಂದರೆ ಉಪ್ಪಿನಲ್ಲಿ ಹುರಿದ ಕಡಲೆಕಾಯಿ ಬೀಜ. 1989ರಲ್ಲಿ ಸರ್ಕಾರ, ಸಾವಿರಾರು ಪಬ್‌ಗಳನ್ನು ಕೈಯಲ್ಲಿಟ್ಟುಕೊಂಡಿದ್ದ ದೊಡ್ಡ ಬ್ರೂವರಿಗಳ, ಅಂದರೆ ಬಿಯರ್ ತಯಾರಿಸುವ ಕಂಪನಿಗಳ, ಮೂಗುದಾರ ಎಳೆಯಿತು. 2,000ಕ್ಕಿಂತ ಜಾಸ್ತಿ ಪಬ್ ಇಟ್ಟುಕೊಂಡವರು ಹೆಚ್ಚುವರಿಯಲ್ಲಿ ಅರ್ಧವನ್ನು ತಮ್ಮ ಹಿಡಿತದಿಂದ ಬಿಡಬೇಕು ಅಂದಿತು. ಒಂದಿಷ್ಟು ಪಬ್‌ಗಳು ಮಾರಾಟಕ್ಕೆ, ಲೀಸಿಗೆ ಬಂದವು. 1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ 'ದಿ ಈಗಲ್' ತೆಗೆದುಕೊಂಡು, ಬಾರ್ ಕೌಂಟರ್ ಹಿಂದೆಯೇ ಒಲೆ ಹೂಡಿ, ಕಪ್ಪು ಹಲಗೆ ಮೇಲೆ ಆವತ್ತಿನ ಅಡುಗೆ ಬರೆದರು. ಒಂದಕ್ಕೊಂದು ಹೊಂದದ ಹಳೇ ಕುರ್ಚಿ ಮೇಜು, ಬಿಳಿ ಬಟ್ಟೆ ಇಲ್ಲ, ಠೀವಿ ಇಲ್ಲ, ಊಟ ಮಾತ್ರ ರುಚಿ. ನಿಜವಾಗಿಯೂ ಒಳ್ಳೇ ಯೋಚನೆ ಅದು, ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ನಗು ಬರುವುದು ಆಮೇಲೆ. ಉಳಿದವರು ಅವರಿಂದ ಕಲಿತಿದ್ದು ಕುರ್ಚಿ. ಅಡುಗೆ ಕಲಿಯೋದಕ್ಕೆ ವರ್ಷಗಟ್ಟಲೆ ಬೇಕು, ಹಳೇ ಕುರ್ಚಿ ಹರಾಜಿನಲ್ಲೇ ಸಿಗುತ್ತದೆ. ಗೋಡೆಗೆ ಬೂದು ಬಣ್ಣ, ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ದುಂಡಗಿನ ಅಕ್ಷರ, ಬಿಯರ್ ಪಕ್ಕದಲ್ಲಿ ಪುಟ್ಟ ಬಕೆಟ್‌ನಲ್ಲಿ ಚಿಪ್ಸ್. ಮುಗೀತು, ಗ್ಯಾಸ್ಟ್ರೋಪಬ್ ರೆಡಿ. ಕೊನೆಗೆ 2011ರ ಹೊತ್ತಿಗೆ ಅದೇ ಗುಡ್ ಫುಡ್ ಗೈಡ್ ಈ ಹೆಸರು ಬಳಸೋದನ್ನೇ ಕೈಬಿಟ್ಟಿತು. ಪಬ್‌ಗಳು ಮಾತ್ರ ಬಿಡಲಿಲ್ಲ.

ಆ ಚಿಪ್ಸ್ ಕತೆ ಕೇಳಿ. 90ರ ದಶಕದಲ್ಲಿ ಹೆಸ್ಟನ್ ಬ್ಲೂಮೆಂಥಾಲ್ ಅನ್ನುವ ಬಾಣಸಿಗರು ಆಲೂಗಡ್ಡೆಯನ್ನು ಮೊದಲು ನೀರಲ್ಲಿ ಬೇಯಿಸಿ, ಆರಿಸಿ, ಹದ ಉರಿಯ ಎಣ್ಣೆಯಲ್ಲಿ ಒಮ್ಮೆ, ಜೋರಾಗಿ ಕಾದ ಎಣ್ಣೆಯಲ್ಲಿ ಇನ್ನೊಮ್ಮೆ ಕರಿಯುವ ಪದ್ಧತಿ ಮಾಡಿದರು. ಮೂರು ಸಲ ಬೇಯುವ ಚಿಪ್ಸ್. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಈಗ ಹಳ್ಳಿ ಹಳ್ಳಿಯ ಪಬ್ಬಿನ ಮೆನುವಿನಲ್ಲೂ ಅದೇ ಹೆಸರು. ಬರುವುದು ದಪ್ಪದ ಆರೋ ಏಳೋ ತುಂಡು, ಸೌದೆ ಒಟ್ಟಿದ ಹಾಗೆ ಅಡ್ಡಡ್ಡ ಜೋಡಿಸಿರುತ್ತಾರೆ. ಮೂರು ಸಲ ಬೇಯಿಸಿದ್ದಕ್ಕೆ ಮೂರು ಪಟ್ಟು ರೇಟು, ಮೂರರಲ್ಲಿ ಒಂದು ಪಾಲು ಚಿಪ್ಸ್. ಲೆಕ್ಕ ಸರಿಯಾಗೇ ಇದೆ ಬಿಡಿ.

ಇನ್ನು ತಟ್ಟೆ. ತಟ್ಟೆ ಅನ್ನುವ ವಸ್ತು ಮನುಷ್ಯ ಸುಮ್ಮನೆ ಕಂಡುಹಿಡಿದದ್ದಲ್ಲ, ಅದಕ್ಕೊಂದು ಅಂಚು ಇರುತ್ತದೆ, ಸಾರು ಹರಿದು ಮಡಿಲಿಗೆ ಬೀಳಬಾರದು ಅಂತ. ಆದರೆ ಅಲ್ಲಿ ಊಟ ಛಾವಣಿಗೆ ಹೊದಿಸುವ ಕಪ್ಪು ಕಲ್ಲಿನ ಮೇಲೆ ಬರುತ್ತದೆ, ಮರದ ಹಲಗೆ ಮೇಲೆ ಬರುತ್ತದೆ, ಸಲಿಕೆ ಮೇಲೆ, ಹೂಕುಂಡದಲ್ಲಿ ಕೂಡ ಬಂದದ್ದುಂಟು. ನಮಗೆ ತಟ್ಟೆ ಕೊಡಿ ಸ್ವಾಮಿ ಅಂತ 2015ರಲ್ಲಿ 'ವಿ ವಾಂಟ್ ಪ್ಲೇಟ್ಸ್' ಅನ್ನುವ ಆನ್‌ಲೈನ್ ಚಳವಳಿಯೇ ಶುರುವಾಯಿತು. ಎಷ್ಟು ಬ್ರಿಟಿಷ್ ನೋಡಿ! ಹೋಟೆಲಿನಲ್ಲಿ 'ಒಂದು ತಟ್ಟೆ ಕೊಡಪ್ಪಾ' ಅನ್ನಲು ಬಾಯಿ ಬರದೆ, ಸಲಿಕೆಯ ಮೇಲಿನ ಊಟ ಪೂರ್ತಿ ತಿಂದು, ಫೋಟೋ ತೆಗೆದು ಲಕ್ಷಾಂತರ ಜನರ ಮುಂದೆ ಹಾಕಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಹೋಟೆಲ್‌ಗೆ, ತೊಳೆಯಲು ಬಾರದ ಮರದ ತಟ್ಟೆ ಬದಲಿಸಿ ಅಂತ ಹೇಳಿದರೂ ಬದಲಿಸದ್ದಕ್ಕೆ ಕೋರ್ಟು 50,000 ಪೌಂಡ್ ದಂಡ ಹಾಕಿತು. ಅಂದರೆ ತಟ್ಟೆಯ ಬಗ್ಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಲು ಆ ದೇಶದಲ್ಲಿ ಆರೋಗ್ಯಾಧಿಕಾರಿಯೇ ಬರಬೇಕಾಯಿತು.

ನಾನು ಅಲ್ಲಿದ್ದಾಗ ಬೇಸಿಗೆಗೆ ಬಂದ ಅಪ್ಪ ಅಮ್ಮನನ್ನು, ದೊಡ್ಡಸ್ತಿಕೆಗೆ ಅಂತ, ಒಂದು 'ಸ್ಮಾಲ್ ಪ್ಲೇಟ್ಸ್' ಜಾಗಕ್ಕೆ ಕರೆದುಕೊಂಡು ಹೋದೆ. ಕೂತ ತಕ್ಷಣ ಹುಡುಗಿ ಬಂದು, ನೀವು ಮೊದಲು ಇಲ್ಲಿ ಊಟ ಮಾಡಿದ್ದೀರಾ, ಇಲ್ಲದಿದ್ದರೆ ನಮ್ಮ ಕಾನ್ಸೆಪ್ಟ್ ವಿವರಿಸುತ್ತೇನೆ ಅಂದಳು.

"ಏನಂತೋ?" ಅಂದರು ಅಪ್ಪ.

"ಹೇಗೆ ಊಟ ಮಾಡಬೇಕು ಅಂತ ಹೇಳಿಕೊಡ್ತಾರಂತೆ ಅಪ್ಪಾ."

"ಎಪ್ಪತ್ತೆರಡು ವರ್ಷದಿಂದ ಮಾಡ್ತಾ ಇದೀನಿ ಅಂತ ಹೇಳು."

ಕಾನ್ಸೆಪ್ಟ್ ಇಷ್ಟೇ: ತಟ್ಟೆಗಳು ಚಿಕ್ಕವು, ಎಲ್ಲರೂ ಹಂಚಿಕೊಂಡು ತಿನ್ನಬೇಕು, ಯಾವುದು ಯಾವಾಗ ಆಗುತ್ತದೋ ಆವಾಗ ಬರುತ್ತದೆ. ಅಂದರೆ ಅಡುಗೆಮನೆಯವರ ಅನುಕೂಲಕ್ಕೆ ತಕ್ಕ ಹಾಗೆ ನಿಮಗೆ ಹಸಿವಾಗಬೇಕು. ನಾಲ್ಕು ಜನ ಕೂತಿದ್ದೆವು, ಕ್ರೋಕೆಟ್ (ಬ್ರೆಡ್ ಪುಡಿ ಹಚ್ಚಿ ಕರಿದ ಪುಟ್ಟ ಉಂಡೆ) ಮೂರು ಬಂದವು. ಇದು ಎಲ್ಲ ಕಡೆಯೂ ಇರುವ ಅಲಿಖಿತ ನಿಯಮ. ನಾಲ್ವರಿಗೆ ಮೂರು, ಮೂವರಿಗೆ ಎರಡು, ಇಬ್ಬರು ಹೋದರೆ ಮತ್ತೆ ಮೂರು. ಆಮೇಲೆ ಎಲೆಕೋಸು ಬಂತು. ಹಿಸ್ಪಿ ಕೋಸು ಅಂತಾರೆ, ಚೂಪು ತಲೆಯದು. ಲಂಡನ್ನಿನಲ್ಲಿ ಈಗ ಅದನ್ನು ಸುಡದ ಹೋಟೆಲೇ ಇಲ್ಲ.

"ಸೀದು ಹೋಗಿದೆಯಲ್ಲೋ," ಅಂದರು ಅಮ್ಮ.

"ಬೇಕು ಅಂತಲೇ ಸೀಯಿಸಿದ್ದಾರೆ ಅಮ್ಮಾ."

"ಬೇಕು ಅಂತ ಯಾರಾದರೂ ಸೀಯಿಸ್ತಾರಾ? ಎಷ್ಟು ಇದಕ್ಕೆ?"

"ಹನ್ನೆರಡು ಪೌಂಡು."

ಅಮ್ಮ ಮಾತಾಡಲಿಲ್ಲ. ಊರಿನ ಸಂತೆಯಲ್ಲಿ ಎರಡು ರೂಪಾಯಿಗೆ ತರಕಾರಿಯವನ ವಂಶ ಜಾಲಾಡುವ ಹೆಂಗಸು. ಹುಡುಗಿ ಮತ್ತೆ ಬಂದು ಎಲ್ಲ ಚೆನ್ನಾಗಿದೆಯಾ ಅಂತ ನಗುನಗುತ್ತಾ ಕೇಳಿದಾಗ, ಅಮ್ಮ ಸೆರಗು ಸರಿ ಮಾಡಿಕೊಂಡು, "ವೆರಿ ನೈಸ್" ಅಂದುಬಿಟ್ಟರು. ಆ ದೇಶದ ಗಾಳಿಯಲ್ಲೇ ಏನೋ ಇದೆ.

ಮುಖ ಕಾಣದಿದ್ದರೆ ಇದೇ ಜನ ಹುಲಿಗಳು. 2018ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯವರು ಹೂಕೋಸನ್ನು ದಪ್ಪಗೆ ಹೋಳು ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, 'ಕಾಲಿಫ್ಲವರ್ ಸ್ಟೇಕ್' ಅಂತ ಹೆಸರಿಟ್ಟು ಎರಡೂವರೆ ಪೌಂಡಿಗೆ ಮಾರಲು ಹೋದರು. ಇಡೀ ಹೂಕೋಸು ಅದರ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿತ್ತು. ಜನ ಎಷ್ಟು ಬೈದರು ಅಂದರೆ ಅಂಗಡಿಯವರು ಅದನ್ನು ವಾಪಸ್ ತೆಗೆದರು. ಅದೇ ಹೋಳನ್ನು ಪಬ್ಬಿನಲ್ಲಿ ಬಾಣಲೆಗೆ ಹಾಕಿ, ಮೇಲೆ ನಾಲ್ಕು ದಾಳಿಂಬೆ ಕಾಳು ಉದುರಿಸಿ ಅದರ ಆರೇಳು ಪಟ್ಟು ಬೆಲೆಗೆ ಕೊಡುತ್ತಾರೆ. ಯಾರೂ ಕಮಕ್ ಕಿಮಕ್ ಅನ್ನೋದಿಲ್ಲ. ಎದುರಿಗೆ ಸರ್ವರ್ ನಿಂತಿದ್ದಾನಲ್ಲ!

ನೀರಿನ ವಿಷಯದಲ್ಲೂ ಹೀಗೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದ್ಯ ಮಾರುವ ಲೈಸೆನ್ಸ್ ಇರುವ ಜಾಗಗಳು, ಕೂತು ಕುಡಿಯುವ ಗಿರಾಕಿ ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು ಅಂತ ಕಾನೂನಿದೆ. ಆದರೆ ಸರ್ವರ್ ಕೇಳುವುದು, ಸ್ಟಿಲ್ (ಬಾಟಲಿಯ ಸಾದಾ ನೀರು) ಬೇಕಾ, ಸ್ಪಾರ್ಕ್ಲಿಂಗ್ (ಗುಳ್ಳೆ ನೀರು) ಬೇಕಾ ಅಂತ. ಎರಡಕ್ಕೂ ದುಡ್ಡು. ಮೂರನೆಯ ಉತ್ತರ ಪ್ರಶ್ನೆಯಲ್ಲಿ ಇರುವುದಿಲ್ಲ, ಅದನ್ನು ನೀವೇ ಧೈರ್ಯ ಮಾಡಿ ಹೇಳಬೇಕು. ಸಂಜೆ ಪೂರ್ತಿ ಕಂಜೂಸ್ ಅಂತ ಅನ್ನಿಸಿಕೊಳ್ಳುವುದಕ್ಕಿಂತ ಐದು ಪೌಂಡಿನ ಗುಳ್ಳೆ ನೀರು ಕುಡಿದು ತೇಗುವುದೇ ವಾಸಿ ಅಂತ ಸುಮ್ಮನಾಗುತ್ತಾರೆ.

ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಸಣ್ಣ ಅಕ್ಷರದಲ್ಲಿ: ಸರ್ವಿಸ್ ಚಾರ್ಜ್, ಶೇ. 12.5, ನಿಮ್ಮ ಇಚ್ಛೆಗೆ ಬಿಟ್ಟದ್ದು. ನಿಮ್ಮ ಇಚ್ಛೆಗೆ ಬಿಟ್ಟದ್ದನ್ನು ಅವರೇ ಮೊದಲು ಕೂಡಿಸಿಟ್ಟಿರುತ್ತಾರೆ. ಮೆನು ರೇಟಿನಲ್ಲಿ ಶೇ. 20 ವ್ಯಾಟ್ ಆಗಲೇ ಸೇರಿರುತ್ತದೆ, ಇದು ಅದರ ಮೇಲೆ. ಬೇಡ ಅನ್ನುವ ಹಕ್ಕು ನಿಮಗಿದೆ. ಆ ಹಕ್ಕು ಚಲಾಯಿಸಬೇಕಾದರೆ, ಕಾರ್ಡ್ ಮಿಷನ್ ಹಿಡಿದು ನಿಮ್ಮ ಭುಜದ ಪಕ್ಕದಲ್ಲೇ ನಿಂತಿರುವ ಹುಡುಗನಿಗೆ, ಪಕ್ಕದ ಮೇಜಿನವರಿಗೂ ಕೇಳುವ ಹಾಗೆ, ನಿನ್ನ ಭಕ್ಷೀಸು ತೆಗೆದುಹಾಕು ಮಗಾ ಅನ್ನಬೇಕು. ಅದಕ್ಕಿಂತ ಕಿಡ್ನಿ ಕೊಡುವುದು ಸುಲಭ. ಆ ದುಡ್ಡು ಹುಡುಗನಿಗೇ ಹೋಗುತ್ತದೆ ಅಂತ ನಂಬಿಕೊಂಡು ಕೊಟ್ಟವರಿಗೆ ಒಂದು ಸುದ್ದಿ: ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಸೇರಬೇಕು ಅನ್ನುವ ಕಾನೂನು ಜಾರಿಗೆ ಬಂದದ್ದು 2024ರ ಅಕ್ಟೋಬರ್ 1ಕ್ಕೆ. ಅಷ್ಟು ವರ್ಷ ಅದನ್ನು ಕೇಳಲೂ ಜನಕ್ಕೆ ಸಂಕೋಚ.

ಇಂಥ ದೇಶದ ಸರ್ಕಾರ ಒಮ್ಮೆ ಊಟ ಅಂದರೆ ಯಾವುದು ಅಂತ ತೀರ್ಪು ಕೊಡಲು ಹೊರಟಿತು. ಕೋವಿಡ್ ಕಾಲ. 2020ರ ಆಗಸ್ಟಿನಲ್ಲಿ ಆಗಿನ ಹಣಕಾಸು ಸಚಿವ ರಿಷಿ ಸುನಕ್, ಅಂದರೆ ನಮ್ಮ ನಾರಾಯಣ ಮೂರ್ತಿಯವರ ಅಳಿಯಂದಿರು, ಸೋಮವಾರದಿಂದ ಬುಧವಾರದವರೆಗೆ ಹೊರಗೆ ಊಟ ಮಾಡಿ, ತಲೆಗೆ 10 ಪೌಂಡ್ ಮೀರದ ಹಾಗೆ ಅರ್ಧ ಬಿಲ್ಲು ನಾವು ಕೊಡುತ್ತೇವೆ ಅಂದರು. ಸರ್ಕಾರಕ್ಕೆ 84 ಕೋಟಿ ಪೌಂಡಿಗೂ ಜಾಸ್ತಿ ಖರ್ಚಾಯಿತು. ಆಮೇಲೆ ಕೆಲವೇ ತಿಂಗಳಲ್ಲಿ ಅದೇ ಸರ್ಕಾರ, ಪಬ್ಬಿಗೆ ಹೋದರೂ 'ಗಣನೀಯ ಊಟ' ಮಾಡದೆ ಬಿಯರ್ ಕುಡಿಯುವ ಹಾಗಿಲ್ಲ ಅಂತ ಹಲವು ಪ್ರದೇಶಗಳಲ್ಲಿ ನಿಯಮ ತಂದಿತು. ಗಣನೀಯ ಅಂದರೆ ಎಷ್ಟು ಸ್ವಾಮಿ? ರಾಬರ್ಟ್ ಜೆನ್ರಿಕ್ ಅನ್ನುವ ಸಚಿವರು, ಕಾರ್ನಿಷ್ ಪೇಸ್ಟಿ (ಮಾಂಸ, ತರಕಾರಿ ತುಂಬಿ ಬೇಯಿಸಿದ ಕಡುಬು) ಒಂದೇ ಆದರೆ ಊಟ ಅಲ್ಲ, ತಟ್ಟೆಯಲ್ಲಿ ಜೊತೆಗೆ ಚಿಪ್ಸೋ ಸಲಾಡೋ ಇದ್ದರೆ ಊಟ ಅನ್ನುವ ಅರ್ಥದ ಮಾತಾಡಿದರು. ನವೆಂಬರ್ ಕೊನೆಗೆ ಇನ್ನೊಬ್ಬ ಸಚಿವ ಜಾರ್ಜ್ ಯೂಸ್ಟಿಸ್, ಸ್ಕಾಚ್ ಎಗ್ ಬಹುಶಃ ಗಣನೀಯ ಊಟ ಆಗಬಹುದು ಅಂದರು. ಸ್ಕಾಚ್ ಎಗ್ ಅಂದರೆ ಬೇಯಿಸಿದ ಮೊಟ್ಟೆಗೆ ಕೈಮಾ ಮೆತ್ತಿ, ಬ್ರೆಡ್ ಪುಡಿಯಲ್ಲಿ ಉರುಳಿಸಿ ಕರಿದದ್ದು. ಮಾರನೇ ದಿನ ಮತ್ತೊಬ್ಬ ಸಚಿವ ಮೈಕೆಲ್ ಗೋವ್, ಅಂಥವು ಒಂದೆರಡು ತಿಂದರೂ ನನಗೆ ಬರೀ ಸ್ಟಾರ್ಟರ್ ಅಂದರು. ಆಮೇಲೆ ಅದೇ ದಿನ ಇನ್ನೊಂದು ಚಾನೆಲ್‌ನಲ್ಲಿ, ಹೌದು, ಅದು ಗಣನೀಯ ಊಟವೇ ಅಂದರು. ಒಂದು ಮೊಟ್ಟೆ ಬೆಳಗಿನಿಂದ ಮಧ್ಯಾಹ್ನದೊಳಗೆ ಇಷ್ಟು ಬಡ್ತಿ ಪಡೆದದ್ದು ಯಾವ ಸರ್ಕಾರಿ ನೌಕರಿಯಲ್ಲೂ ಇಲ್ಲ.

ದೇಶದಲ್ಲಿ ಜನ ಸಾಯುತ್ತಿದ್ದರು, ಸಂಪುಟದಲ್ಲಿ ಮೊಟ್ಟೆ. ಆಗಲೂ ಜನ ಬೀದಿಗಿಳಿಯಲಿಲ್ಲ. ಶಿಸ್ತಾಗಿ ಪಬ್ಬಿಗೆ ಹೋಗಿ, ಒಂದು ಮೊಟ್ಟೆ ಆರ್ಡರ್ ಮಾಡಿ, ಅದನ್ನು ಎದುರಿಗೆ ಸಾಕ್ಷಿಗೆ ಕೂರಿಸಿಕೊಂಡು ಬಿಯರ್ ಕುಡಿದರು. ಈ ತೀರ್ಪಿನ ಪ್ರಕಾರ ನಮ್ಮ ಮೂರು ಕ್ರೋಕೆಟ್ ಊಟವಾ ಅಲ್ವಾ ಅಂತ ಯಾವ ಸಚಿವರೂ ಹೇಳಲಿಲ್ಲ.

2022ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ 250 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು. ಕೆಳಗೆ, ದೊಡ್ಡವರಿಗೆ ದಿನಕ್ಕೆ ಸುಮಾರು 2,000 ಸಾಕು ಅಂತ ಬುದ್ಧಿವಾದ ಬೇರೆ. ಬೆಣ್ಣೆ ಸುರಿದವರು ಅಡುಗೆಯವರು, ನಾಚಿಕೊಳ್ಳಬೇಕಾದವರು ನಾವು.

ಅದೇ ಅಡುಗೆಮನೆ ಎಷ್ಟು ಚೊಕ್ಕಟ ಅಂತ ಹೇಳುವ ವಿಷಯಕ್ಕೆ ಬಂದರೆ ಇಂಗ್ಲೆಂಡಿಗೆ ತಟ್ಟನೆ ಉದಾರತೆ ಬಂದುಬಿಡುತ್ತದೆ. ಅಧಿಕಾರಿಗಳು ಪರೀಕ್ಷೆ ಮಾಡಿ ಸೊನ್ನೆಯಿಂದ 5ರವರೆಗೆ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ 2013ರಿಂದ, ಉತ್ತರ ಐರ್ಲೆಂಡಿನಲ್ಲಿ 2016ರಿಂದ ಆ ಸ್ಟಿಕ್ಕರನ್ನು ಕಾಣುವ ಹಾಗೆ ಅಂಟಿಸುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಮಾತ್ರ ಮಾಲೀಕರ ಇಷ್ಟ. ಫೇಲಾದ ಹುಡುಗನಿಗೆ, ಮಾರ್ಕ್ಸ್ ಕಾರ್ಡ್ ಮನೆಯಲ್ಲಿ ತೋರಿಸಿದರೆ ತೋರಿಸು, ಇಲ್ಲದಿದ್ದರೆ ಬಿಡು ಅಂದ ಹಾಗೆ. 5 ಬಂದವರು ಬಾಗಿಲಿಗೆ, ಕಿಟಕಿಗೆ ಎಲ್ಲ ಕಡೆ ಮೆತ್ತಿರುತ್ತಾರೆ. ಕಡಿಮೆ ಬಂದವರ ಬಾಗಿಲಲ್ಲಿ ಹೂವಿನ ಬುಟ್ಟಿ ತೂಗುತ್ತಿರುತ್ತದೆ. ನಿಮಗೆ ಎಷ್ಟು ಬಂದಿದೆ ಅಂತ ಸರ್ವರನ್ನು ಕೇಳಬಹುದು, ಯಾರೂ ತಡೆಯುವುದಿಲ್ಲ. ಆದರೆ ಯಾರು ಕೇಳುತ್ತಾರೆ, ಹೇಳಿ?

ಅದಕ್ಕೇ ನನ್ನದೊಂದು ಉಪಾಯ. ಅಲ್ಲಿನ ಎಷ್ಟೋ ಪಬ್‌ಗಳಲ್ಲಿ ನಾಯಿಗೆ ಒಳಗೆ ಬರಲು ಅಡ್ಡಿಯಿಲ್ಲ. ಬಾಗಿಲಲ್ಲಿ ಸ್ಟಿಕ್ಕರ್ ಕಾಣಲಿಲ್ಲ ಅಂದರೆ, ಯಾರದಾದರೂ ನಾಯಿ ಕೇಳಿ ಇಸಕೊಂಡು ಮೊದಲು ಅದನ್ನು ಒಳಗೆ ಬಿಡಿ. ಅದು ಅಡುಗೆಮನೆ ಕಡೆ ಮೂಸಿ ನೋಡಿ ವಾಪಸ್ ಬಂದರೆ, ನೀವೂ ಅದರ ಹಿಂದೆಯೇ ಬನ್ನಿ. ಯಾರು ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಇಲ್ಲದೆ ಎದ್ದು ಹೊರಗೆ ಬರುವ ಗಿರಾಕಿ ಅಲ್ಲಿ ಅದೊಂದೇ.