ಲೈನ್ ಎಂಬ ಅಗಸಿಯ ನಾರು

ಧಾರವಾಡದ ಲೈನ್ ಬಜಾರದಲ್ಲಿ ಪೇಡೆ ಕೊಳ್ಳುವುದಕ್ಕಾಗಿ ಒಂದು ಬೆಳಿಗ್ಗೆ ನಿಂತಿದ್ದೆ. ನನ್ನ ಮುಂದೆ ಹದಿನೈದು ಜನ, ಹಿಂದೆ ಅಷ್ಟೇ ಜನ. ಒಬ್ಬ ತರುಣ ಮೊಬೈಲನ್ನು ಕಿವಿಗೆ ಆನಿಸಿಕೊಂಡು, ಏನೂ ಅರಿಯದವನಂತೆ ನಡುವೆ ನುಸುಳಲು ನೋಡಿದ. ಹಿಂದಿದ್ದ ಹಿರಿಯರೊಬ್ಬರು ಸಿಟ್ಟಿಲ್ಲದೆ ಹೇಳಿದರು: "ತಮ್ಮಾ, ಇದು ಲೈನ್ ಬಜಾರ ಐತಿ. ಲೈನ್ಯಾಗ ಬಾ." ತರುಣ ನಕ್ಕು, "ಲೈನ್ ಸರಿ ಇಲ್ಲ, ಆಮ್ಯಾಲ ಮಾಡ್ತೀನಿ" ಎಂದು ಫೋನಿಗೆ ಹೇಳಿ, ಮರ್ಯಾದೆಯಿಂದ ಕೊನೆಗೆ ಹೋಗಿ ನಿಂತ. ಅರ್ಧ ನಿಮಿಷದಲ್ಲಿ ಒಂದೇ ಶಬ್ದ ಮೂರು ಸಲ, ಮೂರು ಅರ್ಥದಲ್ಲಿ ಕಿವಿಗೆ ಬಿದ್ದಿತ್ತು. ಪೇಡೆ ಕೈಗೆ ಬರಲು ಇನ್ನೂ ಬಹಳ ಹೊತ್ತಿದ್ದುದರಿಂದ ಆ ಶಬ್ದವನ್ನೇ ಮೆಲುಕು ಹಾಕತೊಡಗಿದೆ.

ನಮ್ಮ ಕಡೆಯಲ್ಲಿ ಈ ಶಬ್ದಕ್ಕೆ ಪುರಸೊತ್ತೇ ಇಲ್ಲ. ಕನ್ಯೆಯ ತಂದೆ ವರನ ಕಡೆಯವರನ್ನು "ಹುಡುಗ ಯಾವ ಲೈನ್ಯಾಗ ಅದಾನ್ರಿ?" ಎಂದು ಕೇಳಿದರೆ ಅದು ಉದ್ಯೋಗದ ಪ್ರಶ್ನೆ. ಅದೇ ಹುಡುಗ ಕಾಲೇಜಿನ ದಿನಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಲೈನ್ ಹೊಡೆಯುತ್ತಿದ್ದ ಎಂದು ಯಾರಾದರೂ ಹೇಳಿದರೆ ಸಂಬಂಧ ಅಲ್ಲಿಗೇ ನಿಲ್ಲುವ ಸಂಭವವುಂಟು; ಮದುವೆಯಾದ ಮೇಲೆ ಲೈನಿಗೆ ಬಂದ ಎಂದರೆ ಎಲ್ಲರಿಗೂ ಸಮಾಧಾನ. ಕಂಬ ಹತ್ತುವವನು ಲೈನ್‌ಮನ್, ಮಕ್ಕಳು ಬರೆಯುವುದು ಲೈನ್ ವಹಿಯಲ್ಲಿ, ಪೊಲೀಸರು ವಾಸಿಸುವುದು ಪೊಲೀಸ್ ಲೈನಿನಲ್ಲಿ. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಶಬ್ದಗಳಿವೆ. ಪಾಳಿ, ಸಾಲು, ಗೆರೆ, ಹಳಿ, ತಂತಿ, ಕಸುಬು ಇವೆಲ್ಲವನ್ನೂ ಬದಿಗೆ ಸರಿಸಿ ಒಂದೇ ಪರದೇಶಿ ಶಬ್ದ ಎಲ್ಲರ ಕುರ್ಚಿಯಲ್ಲೂ ಕುಳಿತದ್ದು ಹೇಗೆ ಎಂಬ ಕುತೂಹಲದಿಂದ ಮನೆಗೆ ಬಂದು ನಿಘಂಟು ತೆರೆದೆ. ಅಲ್ಲಿ ಸಿಕ್ಕದ್ದು ನಮ್ಮ ಅಡಿಗೆಮನೆಯ ಒಂದು ಡಬ್ಬಿ.

ಲ್ಯಾಟಿನ್ ಭಾಷೆಯಲ್ಲಿ 'ಲೀನುಮ್' ಎಂದರೆ ಅಗಸೆ. ಧಾರವಾಡ, ಗದಗದ ಎರಿ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ, ಬೆಳಗಿನ ಹೊತ್ತು ತಿಳಿನೀಲಿ ಹೂವರಳಿಸಿ ಮಧ್ಯಾಹ್ನದ ಹೊತ್ತಿಗೆ ದಳಗಳನ್ನು ಉದುರಿಸಿಬಿಡುವ ಅದೇ ಅಗಸಿ. ಅದರ ಕಾಂಡದ ನಾರಿನಿಂದ ಹೊಸೆದ ದಾರಕ್ಕೆ ರೋಮನ್ನರು 'ಲೀನೆಯಾ' ಎಂದರು. ದಾರವನ್ನು ಬಿಗಿಯಾಗಿ ಎಳೆದರೆ ನೆಟ್ಟಗೆ ನಿಲ್ಲುವುದರಿಂದ ನೆಟ್ಟಗಿರುವ ಗೆರೆಗೂ ಅದೇ ಹೆಸರಾಯಿತು. ಈ ಶಬ್ದ ಇಂಗ್ಲಿಷಿಗೆ ಎರಡು ಹಾದಿಗಳಿಂದ ಬಂದಿದೆ: ಬಹಳ ಹಿಂದೆಯೇ ಜರ್ಮನಿಕ್ ಭಾಷೆಗಳೊಳಗೆ ಸೇರಿ ಹಗ್ಗ ಎಂಬ ಅರ್ಥದಲ್ಲಿ ಬಂದದ್ದು ಒಂದು, ಮುಂದೆ ಫ್ರೆಂಚರ 'ಲಿನ್ಯ್' ಎಂಬ ರೂಪದಲ್ಲಿ ಗೆರೆ, ಸಾಲು ಎಂಬ ಅರ್ಥಗಳನ್ನು ಹೊತ್ತು ಬಂದದ್ದು ಇನ್ನೊಂದು. ಎರಡೂ ಒಂದರಲ್ಲೊಂದು ಬೆರೆತುಹೋದವು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೂ ಮೀನಿನ ಗಾಳದ ದಾರಕ್ಕೂ ಇಂಗ್ಲಿಷರು ಇಂದಿಗೂ ಲೈನ್ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಆ ಶಬ್ದ ತನ್ನ ತವರಿನಲ್ಲಿ ಉಳಿದಿರುವುದು ಅಲ್ಲಿ ಮಾತ್ರ. ಉಳಿದದ್ದೆಲ್ಲ ಅದರ ಸಂಚಾರ.

ದಾರದಿಂದ ಗೆರೆಗೆ ಸಾಗಿದ ಈ ನಡಿಗೆ ನಮಗೆ ಹೊಸದಲ್ಲ. ಮನೆ ಕಟ್ಟುವ ಗೌಂಡಿ ಗೋಡೆಯ ಎರಡು ತುದಿಗೂ ದಾರ ಬಿಗಿದು, ಒಂದು ಕಣ್ಣು ಮುಚ್ಚಿ, "ಲೈನಿಗೆ ಬರವಲ್ದು, ಒಂದ ನೂಲು ಒಳಗ ಸರಸು" ಎಂದು ಹೇಳುವಾಗ ರೋಮನ್ನರ ಆ ದಾರ ಮತ್ತೆ ದಾರವಾಗಿಯೇ ನಿಂತಿರುತ್ತದೆ. ಯಜ್ಞದ ವೇದಿಗಳ ಅಳತೆಯನ್ನು ಹೇಳುವ ಶುಲ್ಬಸೂತ್ರಗಳ ಹೆಸರಿನಲ್ಲಿ ಶುಲ್ಬವೆಂದರೆ ಹಗ್ಗ, ಸೂತ್ರವೆಂದರೆ ನೂಲು. ನಮ್ಮ ರೇಖಾಗಣಿತವೂ ಹಗ್ಗದ ಮೇಲೆಯೇ ನಡೆದು ಬಂದದ್ದು. ಗ್ರೀಕರ ಗಣಿತಜ್ಞ ಯೂಕ್ಲಿಡ್ ರೇಖೆಯನ್ನು ಅಗಲವಿಲ್ಲದ ಉದ್ದ ಎಂದು ಕರೆದ. ನಾರು ದಾರವಾಗಿ, ದಾರ ಗೆರೆಯಾಗಿ, ಗೆರೆ ತನ್ನ ದಪ್ಪವನ್ನೂ ಕಳೆದುಕೊಂಡು ಬರೀ ಭಾವನೆಯಾದ ಕಥೆ ಆ ಎರಡು ಮಾತುಗಳಲ್ಲಿ ಮುಗಿಯುತ್ತದೆ. ನಮ್ಮ ಗೌಂಡಿಗೆ ಮಾತ್ರ ಅಗಲವಿಲ್ಲದ ಗೆರೆಯಿಂದ ಪ್ರಯೋಜನವಿಲ್ಲ.

ಅಗಸೆಯ ನಾರನ್ನು ತೆಗೆಯುವ ಕ್ರಮ ನಮ್ಮ ಹಳ್ಳಿಗರಿಗೆ ವಿವರಿಸಬೇಕಾದದ್ದೇನಲ್ಲ, ಏಕೆಂದರೆ ಅವರು ಪುಂಡಿಯ ಕಟ್ಟಿಗೆ ಮಾಡುತ್ತಿದ್ದುದೂ ಅದನ್ನೇ. ನೀರಿನಲ್ಲಿ ನೆನೆಹಾಕಿ, ಕೊಳೆಸಿ, ಬಡಿದು, ಸಿಪ್ಪೆ ಬಿಡಿಸಿದರೆ ನಾರು. ನಾವು ಪುಂಡಿಯ ಎಲೆಯನ್ನು ಪಲ್ಯಕ್ಕೆ ಇಟ್ಟುಕೊಂಡು ನಾರನ್ನು ಹಗ್ಗಕ್ಕೆ ಕೊಟ್ಟೆವು, ಅಗಸೆಯ ಬೀಜವನ್ನು ಇಟ್ಟುಕೊಂಡು ದಂಟನ್ನು ಬಿಸಾಕಿದೆವು. ತಂಪು ಸೀಮೆಯವರು ಅಗಸೆಯ ಎತ್ತರದ ತಳಿಗಳನ್ನು ಬೆಳೆದು ದಂಟಿನಿಂದ ಲಿನನ್ ಬಟ್ಟೆ ನೇಯ್ದರು. ಆ ಬಟ್ಟೆಯನ್ನು ಉಡುಪಿನ ಒಳಮೈಗೆ ಹಚ್ಚುತ್ತಿದ್ದುದರಿಂದ ಅದು ಲೈನಿಂಗ್ ಆಯಿತು. ಹುಬ್ಬಳ್ಳಿಯ ಟೇಲರನು "ಜಂಪರಿಗೆ ಲೈನಿಂಗ್ ಹಾಕಸ್ತೀರೇನ್ರಿ?" ಎಂದು ಕೇಳಿ, ಹತ್ತಿಯ ಅಸ್ತರನ್ನೇ ಹಚ್ಚಿ ಕೊಡುವಾಗ, ಹತ್ತಿಗೆ ಅಗಸೆಯ ಹೆಸರಿಟ್ಟಿರುತ್ತಾನೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ, ಉಡುವವರಿಗೂ ಗೊತ್ತಿರುವುದಿಲ್ಲ. ಹತ್ತಿಯ ಸೀಮೆಯಾದ ನಮ್ಮಲ್ಲಿ, ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನೇ ಖಾದಿಯಿಂದ ಸಿದ್ಧಪಡಿಸುವ ಈ ನೆಲದಲ್ಲಿ, ಇದು ಸ್ವಲ್ಪ ಅನ್ಯಾಯವೇ ಸರಿ. ಅಗಸೆಯ ಬೀಜ ತಿನ್ನುವ ಒಂದು ಸಣ್ಣ ಹಕ್ಕಿಗೂ ಇಂಗ್ಲಿಷಿನಲ್ಲಿ ಲಿನೆಟ್ ಎಂದು ಹೆಸರು. ಬಟ್ಟೆ ಅಂಗಡಿಗಳ ಫಲಕದಲ್ಲಿ ಕಾಣುವ ಲಾಂಜರಿಯೂ ಈ ಮನೆತನದ್ದೇ. ಅದರ ವಿಚಾರವನ್ನು ಅಲ್ಲಿಗೇ ಬಿಡೋಣ.

ಹುಬ್ಬಳ್ಳಿಯಂಥ ಊರಿನಲ್ಲಿ ಲೈನ್ ಎಂದ ಕೂಡಲೇ ಮೊದಲು ನೆನಪಾಗುವುದು ರೈಲು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ. 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆಂದು ಹೆಸರಾದ ಪ್ಲಾಟ್‌ಫಾರ್ಮು ಇಲ್ಲಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿದೆ. ಹಿಂದಿನ ಡಬ್ಬಿಯಲ್ಲಿ ಸೀಟು ಸಿಕ್ಕವನು ಚೀಲ ಹೊತ್ತು ಅದರ ಮೇಲೆ ನಡೆಯುವಾಗ ರೇಖೆಗೆ ಅಗಲ ಬೇಡ, ಉದ್ದವೊಂದಿದ್ದರೆ ಸಾಕು ಎಂಬ ಯೂಕ್ಲಿಡನ ಮಾತು ಚೆನ್ನಾಗಿ ಮನದಟ್ಟಾಗುತ್ತದೆ. ರೈಲಿನವರಿಂದ ನಾವು ಪಡೆದ ಒಳ್ಳೆಯ ಮಾತೆಂದರೆ 'ಲೈನ್ ಕ್ಲಿಯರ್'. ಒಂಟಿ ಹಳಿಯ ದಾರಿಯಲ್ಲಿ ಮುಂದಿನ ನಿಲ್ದಾಣದವರು ಹಾದಿ ಖಾಲಿ ಇದೆ ಎಂದು ಒಪ್ಪಿಗೆ ಕೊಡದೆ ಈ ನಿಲ್ದಾಣದವರು ಗಾಡಿಯನ್ನು ಬಿಡುವಂತಿಲ್ಲ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಈಗ ಸಾಲ ಮಂಜೂರಾದರೂ, ಜಾತಕ ಕೂಡಿದರೂ, ಹಿರಿಯರು ಮನೆಯಿಂದ ಹೊರಗೆ ಹೋದರೂ ನಮ್ಮವರ ಬಾಯಲ್ಲಿ ಲೈನ್ ಕ್ಲಿಯರ್ ಆಗುತ್ತದೆ.

ಪಾಳಿಯ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ. ನಮ್ಮನ್ನು ಆಳಿದ ಬ್ರಿಟಿಷರು ಪಾಳಿಗೆ ಕ್ಯೂ ಎನ್ನುತ್ತಾರೆ; ಫ್ರೆಂಚಿನಿಂದ ಬಂದ ಆ ಶಬ್ದಕ್ಕೆ ಬಾಲ ಎಂದು ಅರ್ಥ. ಲೈನಿನಲ್ಲಿ ನಿಲ್ಲುವವರು ಅಮೆರಿಕದವರು. ಪೇಡೆಯ ಅಂಗಡಿಯೆದುರಿನ ನಮ್ಮ ಹಿರಿಯರು ಹುಬ್ಬಳ್ಳಿ ದಾಟಿ ಹೋಗದಿದ್ದರೂ ಅಮೆರಿಕದ ಇಂಗ್ಲಿಷನ್ನೇ ಆಡಿದ್ದರು. ಅದೇ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆ್ಯಂಡರ್ಸನ್‌ವಿಲ್ ಎಂಬಲ್ಲಿಯ ಸೆರೆಮನೆಯ ಒಳಗೆ ಒಂದು ಗಡಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಗುಂಡೇ ಗತಿ. ಅದಕ್ಕೆ ಡೆಡ್‌ಲೈನ್ ಎಂದು ಹೆಸರಿತ್ತು. ಈಗ ಅದೇ ಶಬ್ದವನ್ನು ವಿದ್ಯುತ್ ಬಿಲ್ಲು ತುಂಬುವ ಕೊನೆಯ ದಿನಕ್ಕೂ ಬಳಸುವುದನ್ನು ಕಂಡಾಗ, ಕನ್ನಡದ ಗಡುವು ಎಷ್ಟೋ ಸಜ್ಜನ ಶಬ್ದ ಎನ್ನಿಸುತ್ತದೆ. ಗಡುವು ಮೀರಿದರೆ ದಂಡವಷ್ಟೆ.

ಗಲ್ಲಿಯ ಕ್ರಿಕೆಟಿನಲ್ಲಿ ಬೌಲರನಿಗೆ "ಲೈನ್ ಆ್ಯಂಡ್ ಲೆಂಗ್ತ್ ನೋಡಿ ಹಾಕೋ" ಎಂದು ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಆ ಚೆಂಡನ್ನು ಎದುರಿಸುವ ಬ್ಯಾಟಿಗೆ, ಕಟ್ಟಿಗೆ ಒಣಗಿ ಸೀಳಬಾರದೆಂದು, ತಿಕ್ಕುವುದು ಅಗಸೆಯ ಎಣ್ಣೆಯನ್ನು. ಹೀಗೆ ಬೌಲರನ ಕಡೆಗೆ ನಾರು, ಬ್ಯಾಟ್ಸ್‌ಮನ್‌ನ ಕಡೆಗೆ ಬೀಜ, ಒಂದೇ ಗಿಡ ಎರಡೂ ಪಕ್ಷದಲ್ಲಿ ಆಡುತ್ತಿರುತ್ತದೆ. ಈ ಗಿಡಕ್ಕೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಶಾಸ್ತ್ರೀಯ ಹೆಸರಿನ ಉತ್ತರಾರ್ಧಕ್ಕೆ 'ಅತ್ಯಂತ ಉಪಯುಕ್ತ' ಎಂದು ಅರ್ಥ.

ನಮ್ಮ ಅಗಸಿಯೂ ಒಂದೇ ಅರ್ಥಕ್ಕೆ ಕಟ್ಟುಬಿದ್ದ ಶಬ್ದವಲ್ಲ. ಊರ ಬಾಗಿಲಿಗೆ ಅಗಸಿ ಎನ್ನುತ್ತೇವೆ; ಬಿಳಿಯ ದೊಡ್ಡ ಹೂ ಬಿಡುವ ಬೇರೊಂದು ಮರಕ್ಕೂ ಅಗಸಿ ಎನ್ನುತ್ತೇವೆ. "ಅಗಸ್ಯಾಗ ನಿಂತಾನ" ಎಂದರೆ ಹೊಲದಲ್ಲೋ ಊರ ಬಾಗಿಲಲ್ಲೋ ಎಂಬುದು ನಿಂತವನನ್ನು ನೋಡಿಯೇ ತಿಳಿಯಬೇಕು.

ಇಷ್ಟೆಲ್ಲವನ್ನೂ ನಾನು ಅವ್ವನಿಗೆ ಹೇಳಿದ್ದು ಅವಳು ಅಗಸಿ ಚಟ್ನಿ ಮಾಡುತ್ತಿದ್ದಾಗ. ಬೀಜ ಹಂಚಿನ ಮೇಲೆ ಚಟಚಟ ಸಿಡಿಯುತ್ತಿತ್ತು. ಪಕ್ಕದಲ್ಲಿ ಒಣಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು, ತುಸು ಹುಣಸೆಹಣ್ಣು ಕಾದು ಕುಳಿತಿದ್ದವು. ರೋಮನ್ನರ ದಾರ, ಲಿನನ್, ರೈಲು ಎಲ್ಲವನ್ನೂ ಅವಳು ಹೂಂಗುಟ್ಟುತ್ತಲೇ ಕೇಳಿ, ಕೊನೆಗೆ ಕೇಳಿದಳು: "ದಾರ ತಗದ್ರು, ಖರೆ. ಬೀಜ ಏನ ಮಾಡಿದ್ರು?"

ಎಣ್ಣೆ ತೆಗೆದು ಚಿತ್ರದ ಬಣ್ಣಕ್ಕೆ ಬೆರೆಸಿದರು, ಕಟ್ಟಿಗೆಗೆ ಹಚ್ಚಿದರು ಎಂದೆ. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷಿನವನು ಆ ಎಣ್ಣೆಯನ್ನು ಗಟ್ಟಿ ಮಾಡಿ, ಬಟ್ಟೆಯ ಮೇಲೆ ಹರಡಿ, ಲಿನೋಲಿಯಂ ಎಂಬ ನೆಲಹಾಸನ್ನು ಮಾಡಿದ್ದನ್ನೂ ಹೇಳಿದೆ.

ಅವ್ವ ಹುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಉಣ್ಣೂದನ್ನ ಒಯ್ದು ನೆಲಕ್ಕ ಹಾಸಿದ್ರಾ?" ಎಂದಳು, ನಂತರ ಆ ಮಂದಿಯ ವಿಷಯವನ್ನೇ ಬಿಟ್ಟು, ಬೀಜ ಸೀದುಹೋಗುವುದರೊಳಗೆ ಹಂಚನ್ನು ಇಳಿಸಿದಳು.