60 ಪ್ರಶ್ನೆ ಯಾಕೆ, ಅಡ್ಡಹೆಸರು ಸಾಕು

2025ರಲ್ಲಿ ರಾಜ್ಯ ಸರ್ಕಾರ ಜಾತಿ ಸಮೀಕ್ಷೆ ಮಾಡೋಕೆ ಮಾಸ್ತರುಗಳನ್ನು ಮನೆ ಮನೆಗೆ ಕಳಿಸಿತು. 60 ಪ್ರಶ್ನೆ, ಮೊಬೈಲಿನಲ್ಲಿ ಆ್ಯಪ್, ನಡುನಡುವೆ ಕೈಕೊಡುವ ಸರ್ವರ್. ಇಷ್ಟೆಲ್ಲ ಖರ್ಚು ಸುಮ್ನೆ ದಂಡ. ವಿಜಯಪುರದ ಯಾವ ಚಹಾದಂಗಡಿಗೆ ಹೋದರೂ ಇದೇ ಕೆಲಸ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತೆ: ‘ಅಡ್ಡಹೆಸರು ಏನ್ರಿ?’ ನೀವು ಹೇಳಿದ್ದೇ ತಡ, ನಿಮ್ಮ ಜಾತಿ, ನೀವು ನಡೆದುಕೊಳ್ಳುವ ಮಠ, ನಿಮ್ಮ ಓಟು, ಮನೆಯಲ್ಲಿ ತತ್ತಿ ಬೇಯುತ್ತೋ ಇಲ್ಲವೋ, ಎಲ್ಲ ಚಹಾ ಆರುವುದರೊಳಗೆ ಇತ್ಯರ್ಥ.

ವಿಜ್ಞಾನಿಗಳೂ ಅಡ್ಡಹೆಸರು ಎಣಿಸುತ್ತಾರೆ. ಪಾಪ, ಅವರಿಗೆ ಚಹಾದಂಗಡಿ ಗೊತ್ತಿಲ್ಲ. ಟೆಲಿಫೋನ್ ಡೈರೆಕ್ಟರಿ, ಮತದಾರರ ಪಟ್ಟಿ ಹರವಿಕೊಂಡು ಲಕ್ಷಗಟ್ಟಲೆ ಹೆಸರು ನೋಡ್ತಾರೆ. ಯಾವ ಜಿಲ್ಲೆಯಲ್ಲಿ ಒಂದೇ ಹೆಸರು ಜಾಸ್ತಿ, ಎಲ್ಲಿ ಬಗೆಬಗೆ ಹೆಸರು ಸೇರಿವೆ ಅಂತ ನೋಡಿ, ಯಾರು ವಲಸೆ ಬಂದರು, ಯಾರು ಕೂತಲ್ಲೇ ಕೂತರು ಅಂತ ಊಹಿಸುತ್ತಾರೆ. ಆದರೆ ಒಂದು ಷರತ್ತು: ಒಂದೇ ಹೆಸರಿನವರೆಲ್ಲ ಒಂದೇ ಮೂಲದವರಾಗಿರಬೇಕು.

ಆ ಷರತ್ತು ನಮ್ಮ ಪಾಟೀಲರ ಮುಂದೆ ನಿಲ್ಲಲ್ಲ. ಪಾಟೀಲಕಿ ಅನ್ನೋದು ರಕ್ತ ಅಲ್ಲ, ಹುದ್ದೆ. ಊರಿನ ಕಂದಾಯ ನೋಡಿಕೊಂಡವರೆಲ್ಲ ಪಾಟೀಲರು. ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸ್ಲಿಮರಲ್ಲಿ, ಎಲ್ಲ ಕಡೆ ಇದ್ದಾರೆ. ಊರಿನ ಹೆಸರಿನವರದು ಇನ್ನೊಂದು ಕಥೆ. ಜಮಖಂಡಿಯಲ್ಲೇ ಇರುವವರನ್ನು ಜಮಖಂಡಿ ಅಂತ ಕರೆದು ಏನು ಉಪಯೋಗ? ಊರು ಬಿಟ್ಟವರಿಗೇ ಊರು ಅಂಟಿಕೊಳ್ಳೋದು. ಹಾಗಾಗಿ ಬಾಗಲಕೋಟೆಯಲ್ಲೇ ಹುಟ್ಟಿ, ಅಜ್ಜನೂ ಅಲ್ಲೇ ಹುಟ್ಟಿದ್ದರೂ, ಚುನಾವಣೆ ಬಂದಾಗ ‘ಜಮಖಂಡಿ’ಯವರು ಹೊರಗಿನ ಅಭ್ಯರ್ಥಿ. (ಉಳ್ಳಾಗಡ್ಡಿ, ಮೆಣಸಿನಕಾಯಿ ಹೆಸರಿನ ಜೋಕು ಇಲ್ಲಿ ಬೇಡ. ಬೆಂಗಳೂರಿನವರು ಸಾಕಷ್ಟು ಮಾಡಿದ್ದಾರೆ.)

ಈ ಎಣಿಕೆ ಶುರು ಮಾಡಿದವರಲ್ಲಿ ಮೊದಲಿಗರು ಜಾರ್ಜ್ ಡಾರ್ವಿನ್, ಚಾರ್ಲ್ಸ್ ಡಾರ್ವಿನ್ ಮಗ. 1875ರಲ್ಲಿ ಅವರು ಇಂಗ್ಲೆಂಡಿನ ಮದುವೆ ಸುದ್ದಿಗಳನ್ನು ತೆಗೆದು, ಒಂದೇ ಅಡ್ಡಹೆಸರಿನ ಗಂಡು ಹೆಣ್ಣು ಎಷ್ಟು ಅಂತ ಎಣಿಸಿ, ಸಂಬಂಧದೊಳಗಿನ ಮದುವೆ ಎಷ್ಟು ನಡೆಯುತ್ತವೆ ಅಂತ ಅಂದಾಜು ಮಾಡಿದರು. ತಮಾಷೆ ಏನಂದ್ರೆ ಅವರ ಅಪ್ಪನೇ ಸೋದರಮಾವನ ಮಗಳನ್ನು ಮದುವೆಯಾದವರು. ಹುಡುಗಿ ಎಮ್ಮಾ ವೆಜ್‌ವುಡ್, ಅಡ್ಡಹೆಸರು ಬೇರೆ! ಎಣಿಕೆಯಲ್ಲಿ ಸ್ವಂತ ತಂದೆ ತಾಯಿಯೇ ಸಿಗಲ್ಲ. ಜಾರ್ಜ್‌ಗೆ ಇದು ಗೊತ್ತಿತ್ತು, ಅದಕ್ಕೇ ಬಂದ ಸಂಖ್ಯೆಯನ್ನು ಗುಣಿಸಿ ಸರಿಮಾಡಿಕೊಂಡರು.

ಅದೇ ಲೆಕ್ಕ ಮುಧೋಳಕ್ಕೆ ತನ್ನಿ. ನಮ್ಮಲ್ಲಿ ಬಹಳ ಸಮುದಾಯಗಳಲ್ಲಿ ಕಾಕಾನ ಮಗಳು ತಂಗಿ, ಮಾವನ ಮಗಳು ಹೆಂಡತಿ. ಸಂಬಂಧದಲ್ಲಿ ಎಷ್ಟು ಮದುವೆ ನಡೆದರೂ ಅಡ್ಡಹೆಸರು ಒಂದಾಗೋದೇ ಇಲ್ಲ. ಉತ್ತರ ಸೊನ್ನೆ, ಎಷ್ಟರಿಂದ ಗುಣಿಸಿದರೂ ಸೊನ್ನೆ. ಸೋದರಮಾವಂದಿರೇ ಬೀಗರಾಗಿ ಕೂತಿರುವ ಚಪ್ಪರದಲ್ಲಿ ವಿಜ್ಞಾನ ‘ಇಲ್ಲಿ ಎಲ್ಲರೂ ಅಪರಿಚಿತರು’ ಅಂತ ಬರೆದುಕೊಂಡು ಊಟ ಮಾಡಿ ಹೋಗುತ್ತೆ.

ಡಾರ್ವಿನ್ ಮಗ ತನ್ನ ಲೆಕ್ಕವನ್ನು ತಾನೇ ಅನುಮಾನದಿಂದ ನೋಡಿದ. ಚುನಾವಣೆ ಟಿಕೆಟ್ ಯಾರಿಗೆ ಅಂತ ಜಾತಿ ಲೆಕ್ಕ ಹಾಕುವ ನಮ್ಮವರಿಗೆ ಆ ದೌರ್ಬಲ್ಯ ಇಲ್ಲ. ಮತದಾರರ ಪಟ್ಟಿ, ಕೆಂಪು ಪೆನ್ನು ಹಿಡಿದು ಕೂತರೆಂದರೆ ಪಾಟೀಲ ಅಂತ ಕಂಡಲ್ಲೆಲ್ಲ ಒಂದೇ ಗೀಟು. ‘ಇಷ್ಟು ಸಾವಿರ ನಮ್ಮವರ ಅದಾರ್ರೀ, ಗೆದ್ದಂಗ ತಿಳೀರಿ.’ ಫಲಿತಾಂಶದ ದಿನ ಠೇವಣಿ ಹೋಯಿತು. ಲೆಕ್ಕ ಏನಾಯ್ತು ಅಂತ ಕೇಳಿದರೆ, ಪೆನ್ನು ಜೇಬಿಗಿಟ್ಟು ಹೇಳಿದರು: ‘ಲೆಕ್ಕ ಬರೋಬ್ಬರಿ ಐತ್ರಿ. ಮಂದಿ ತಪ್ಪ್ಯಾರ.’